ಅತ್ತಿಗೆ ನೀರು ಕೊಟ್ಟ ಕಥೆ

ನಾನು ಒಂದು ಅಭಿಪ್ರಾಯ ಹಿಡಿದರೆ ಸುಲಭಕ್ಕೆ ಬಿಡುವವನಲ್ಲ. ಬಿಟ್ಟರೂ ಹೊಸ ಅಭಿಪ್ರಾಯ ಹುಟ್ಟಿನಿಂದಲೇ ನನ್ನದು ಎಂಬಷ್ಟು ಧೈರ್ಯವಾಗಿ ಮಾತಾಡುತ್ತೇನೆ. ಕಂಪ್ಯೂಟರ್ ಆಟಗಳು ಕಥೆ ಹೇಳಲಾರವು ಎಂದು ಭದ್ರಾವತಿಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದಿಡೀ ಬೇಸಿಗೆ ವಾದಿಸಿದ್ದೆ. ಕಥೆಗೆ ನನ್ನದು ಒಂದೇ ಪರೀಕ್ಷೆ: ನೋಡಿದವರು ನೋಡದವರನ್ನು ಕೂರಿಸಿಕೊಂಡು ಅದನ್ನು ಹೇಳುವಂತಿರಬೇಕು. ಪುಸ್ತಕ ಹೇಳಬಹುದು, ಸಿನಿಮಾ ಹೇಳಬಹುದು. ಆಟವನ್ನು ಏನೆಂದು ಹೇಳುತ್ತೀರಿ? ಹಾರಿದ, ಬಿದ್ದ, ಸತ್ತ, ಮತ್ತೆ ಹಾರಿದ.

ಈ ಪರೀಕ್ಷೆ ನನಗೆ ಸಿಕ್ಕಿದ್ದು ಆಲ್ಕೊಳದ ನಮ್ಮ ಮನೆಯಲ್ಲೇ, ಅಣ್ಣನ ಹೆಂಡತಿ ಗಿರಿಜತ್ತಿಗೆಯಿಂದ. ಅವರು ಮ್ಯಾಟಿನಿ ನೋಡಿ ಬಂದರೆ ಮಾರನೆಯ ದಿನ ಕಾಂಪೌಂಡಿನ ಹತ್ತಿರ ಅವರೆಕಾಯಿ ಬಿಡಿಸುತ್ತ ಪಕ್ಕದ ಮನೆಯ ಶಹನಾಜ್‌ಗೆ ಇಡೀ ಸಿನಿಮಾ ಒಪ್ಪಿಸುತ್ತಿದ್ದರು. ನಾನೂ ವಾರಪತ್ರಿಕೆಗಳಿಗೆ ಕಥೆ ಬರೆಯುವವನು. ಅತ್ತಿಗೆ ಒಂದು ದಿನವಾದರೂ ನನ್ನ ಕಥೆಯನ್ನು ಆ ಕಾಂಪೌಂಡು ದಾಟಿಸಿಯಾರೆಂದು ವರ್ಷಗಟ್ಟಲೆ ಕಾದಿದ್ದೆ. ಅಚ್ಚಾದ ಪುಟವನ್ನು ಅವರ ಕಣ್ಣಿಗೆ ಬೀಳುವಂತೆ ಇಟ್ಟರೆ "ಆಮೇಲೆ ಓದ್ತೀನಿ, ಇಡು" ಅನ್ನುತ್ತಿದ್ದರು. ಸಂಜೆ ಅದರ ಮೇಲೆ ಸಂಡಿಗೆ ಇರುತ್ತಿತ್ತು.

ಕಥೆ ಟೈಪು ಮಾಡಲೆಂದು ನಾನು ಕಂಪ್ಯೂಟರ್ ತಂದೆ. ಜೋಡಿಸಲು ಬಂದವನು ಉಪಚಾರಕ್ಕೆಂದು ಒಂದು ಆಟವನ್ನೂ ಹಾಕಿಕೊಟ್ಟು ಹೋದ. ಒಬ್ಬ ಹುಡುಗಿ ಕಳೆದುಹೋದ ಅಪ್ಪನನ್ನು ಹುಡುಕುತ್ತ ಮರಳುಗಾಡು ದಾಟಬೇಕು. ದಾರಿಯಲ್ಲಿ ಒಬ್ಬ ಮುದುಕ ನೀರು ಕೇಳುತ್ತಾನೆ. ಕೊಡಬಹುದು, ಕೊಡದೆಯೂ ಹೋಗಬಹುದು. ಇಂಗ್ಲಿಷ್ ಓದಿ ಹೇಳುವ ಕೆಲಸ ನನ್ನದು, ಆಡುವುದು ಅತ್ತಿಗೆ. ಮುದುಕ ಬಂದಕೂಡಲೇ ಅವರ ಕೈ ನಿಂತಿತು.

"ಮುಂದೆ ಹೋಗಿ ಅತ್ತಿಗೆ, ಅದು ಬರೀ ಚಿತ್ರ" ಅಂದೆ.

"ಚಿತ್ರ ಆದ್ರೇನು, ಕೇಳ್ತಿರೋದು ನನ್ನನ್ನಲ್ವಾ?"

ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ, ಯೋಚಿಸಿ, ವಾಪಸು ಬಂದು ನೀರು ಕೊಟ್ಟರು. ಹುಡುಗಿ ಬಾಯಾರಿಕೆಯಿಂದ ಅರ್ಧ ದಾರಿಯಲ್ಲೇ ಬಿದ್ದು ಸತ್ತಳು. ಅತ್ತಿಗೆ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ನನ್ನ ಕಥೆಗಳಲ್ಲಿ ಎಷ್ಟೋ ಜನ ಸತ್ತಿದ್ದಾರೆ. ನಮ್ಮ ಮನೆಯಲ್ಲಿ ಯಾರ ತಟ್ಟೆಯಲ್ಲೂ ಒಂದು ತುತ್ತು ಉಳಿದದ್ದಿಲ್ಲ. ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಸುದ್ದಿ ಕೇಳಿ ಶಹನಾಜ್ ತಾನೇ ಬಂದು ಆಡಿದಳು. ನೀರು ಕೊಡಲಿಲ್ಲ, ನೇರ ಹೋಗಿ ಅಪ್ಪನನ್ನು ಸೇರಿದಳು. ಮಾರನೆಯ ದಿನ ಕಾಂಪೌಂಡಿನಲ್ಲಿ ವಿಚಾರಣೆ ನಡೆಯಿತು.

"ಆ ಮುದುಕನ್ನ ಬಿಟ್ಟು ಹೋಗೋಕೆ ನಿಂಗೆ ಹೆಂಗೆ ಮನಸ್ಸು ಬಂತು ಮಾರಾಯ್ತಿ?" ಅಂದರು ಅತ್ತಿಗೆ.

"ಬೇಜಾರಾಯ್ತು ಅಕ್ಕ. ಅಪ್ಪ ಸಿಕ್ಕಿದ್ರೂ ಖುಷಿನೇ ಆಗ್ಲಿಲ್ಲ" ಅಂದಳು ಶಹನಾಜ್.

ಅಲ್ಲಿಗೆ ನಾನು ಪಕ್ಷ ಬದಲಿಸಿದೆ. ಪುಸ್ತಕದಲ್ಲಿ ಯಾರಾದರೂ ಸತ್ತರೆ ಬರೆದವನನ್ನು ಬೈದು ನಿದ್ದೆ ಮಾಡಬಹುದು. ಇಲ್ಲಿ ಬೈಸಿಕೊಳ್ಳಲು ಬೇರೆ ಯಾರೂ ಇಲ್ಲ, ನಾವೇ. ಇದು ಕಥೆಯಲ್ಲದಿದ್ದರೆ ಇನ್ಯಾವುದು ಎಂದು ಸೋಮವಾರದಿಂದ ಕ್ಯಾಂಟೀನಿನಲ್ಲಿ ಮೇಜು ಕುಟ್ಟಿ ಹೇಳತೊಡಗಿದೆ. ಹೊಳೆಹೊನ್ನೂರಿನಿಂದ ಬರುವ ಸಹೋದ್ಯೋಗಿಯೊಬ್ಬರು "ಹೋದ ವಾರ ಉಲ್ಟಾ ಹೇಳ್ತಿದ್ರಲ್ಲ ಸಾರ್" ಅಂದರು. ಹೋದ ವಾರ ನೀವು ಸರಿಯಾಗಿ ಕೇಳಿಸಿಕೊಂಡಿಲ್ಲ ಅಂದೆ.

ಆದರೂ ಒಳಗೆ ಸಂಕಟ. ಯಂತ್ರಕ್ಕೆ ಸಿಕ್ಕ ಮರ್ಯಾದೆ ಮೈದುನನಿಗೆ ಬೇಡವೇ? ಹೊಸ ಕಥೆಯನ್ನು ಅತ್ತಿಗೆಯ ಎದುರು ಕೂತು ನಾನೇ ಓದಿದೆ. ಜಗಳವಾಡಿ ದೂರವಾದ ತಂಗಿ ಬಂದು ಬಾಗಿಲು ತಟ್ಟುತ್ತಾಳೆ. ಒಳಗೆ ನಿಂತ ಅಕ್ಕ ತೆಗೆಯುವುದಿಲ್ಲ. ಕೊನೆಯ ಸಾಲು ಓದುವಾಗ ನನ್ನ ದನಿಯೇ ನಡುಗಿತು.

"ಯಾಕೆ ತೆಗೀಲಿಲ್ಲ?" ಅಂದರು ಅತ್ತಿಗೆ.

"ಅದೇ ಕಥೆ ಅತ್ತಿಗೆ."

"ನಾನಾಗಿದ್ರೆ ತೆಗೀತಿದ್ದೆ."

ಮಾರನೆಯ ದಿನ ಕಾಂಪೌಂಡಿನ ಕಡೆಯಿಂದ ನನ್ನ ಕಥೆ ಕೇಳಿಸಿತು. ಕಿಟಕಿಯ ಹತ್ತಿರ ಹೋಗಿ ಕಿವಿಗೊಟ್ಟು ನಿಂತೆ. ಆದರೆ ಅಲ್ಲಿ ಅಕ್ಕ ಬಾಗಿಲು ತೆಗೆದೇಬಿಟ್ಟಿದ್ದಳು. ತಂಗಿ ಒಳಗೆ ಬಂದವಳೇ "ಇನ್ನೂ ಇದೇ ಹಳೇ ಚಾಪೆನಾ?" ಅಂದಳಂತೆ. ಅಕ್ಕ ಮತ್ತೆ ಜಗಳ ತೆಗೆದಳಂತೆ. ಜಗಳವಾಡುತ್ತಲೇ ಇಬ್ಬರೂ ಒಂದೇ ತಟ್ಟೆಗೆ ಕೈ ಹಾಕಿದರಂತೆ. ಶಹನಾಜ್ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಇದೂ ಕಂಪ್ಯೂಟರ್ ಆಟಾನಾ ಅಕ್ಕ?"

"ಇಲ್ಲ ಮಾರಾಯ್ತಿ, ನಮ್ಮ ಮೈದುನ ಬರ್ದಿದ್ದು. ಪಾಪ, ಅದ್ರಲ್ಲಿ ಬಾಗ್ಲು ತೆಗೆಯೋಕೆ ಬರಲ್ಲ. ನಾವೇ ತೆಕ್ಕೋಬೇಕು."

ನಾನು ಸದ್ದಿಲ್ಲದೆ ಒಳಗೆ ಬಂದು ಕಂಪ್ಯೂಟರ್ ಹಾಕಿದೆ. ಅತ್ತಿಗೆ ಹೇಳಿದ ಕೊನೆಯನ್ನು ಮರೆಯುವ ಮೊದಲು ಟೈಪು ಮಾಡಿಕೊಳ್ಳಬೇಕಿತ್ತು.