ಸೊಸೆ ಓದಿದ ಕಥೆಯಲ್ಲಿ ಒಬ್ಬ ಗುಮಾಸ್ತ

ಸಂತೋಷವಾದಾಗ ಬಾಯಿ ಮುಚ್ಚಿಕೊಂಡು ಕೂರುವುದು ದೊಡ್ಡವರ ಲಕ್ಷಣವೆಂದು ನಮ್ಮ ಮನೆಯವರು ಹೇಳುತ್ತಾರೆ. ಹೇಳಲಿ. ನನ್ನಿಂದ ಅದು ಆಗದ ಮಾತು. ನನ್ನ ಮೊಮ್ಮಗಳು ಶಾರದೆ ಪುಸ್ತಕ ಬರೆದಿದ್ದಾಳೆ, ಅದು ಅಚ್ಚಾಗಿ ಬಂದಿದೆ. ಬೈಲಹೊಂಗಲದ ಹತ್ತಿ ಪೇಟೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಈ ಸುದ್ದಿ ತಮಗೆ ಮುಟ್ಟಿಲ್ಲ ಎಂದು ಯಾರಾದರೂ ದೂರಿದರೆ, ಅವರ ಮನೆಗೆ ಈಗಲೇ ಹೋಗಿ ಹೇಳಿ ಬರಲು ತಯಾರಿದ್ದೇನೆ. ಮೊನ್ನೆ ಹಲ್ಲು ಕೀಳಿಸಿಕೊಳ್ಳಲು ಹೋದಾಗ ಡಾಕ್ಟರಿಗೂ ಹೇಳಿದೆ. ಬಾಯಲ್ಲಿ ಅರಳೆ ಇದ್ದುದರಿಂದ ಅವರಿಗೆ ಅರ್ಧವೇ ತಿಳಿಯಿತು. ಅರಳೆ ತೆಗೆದ ಮೇಲೆ ಮೊದಲಿನಿಂದ ಹೇಳಿದೆ.

ನಾನು ಕಲಿತದ್ದು ಮೂರನೇ ಇಯತ್ತೆ. ಬಸ್ಸಿನ ಬೋರ್ಡು ಓದುತ್ತೇನೆ, ಆದರೆ ಒತ್ತಕ್ಷರ ಮುಗಿಯುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಹೀಗಾಗಿ ಪುಸ್ತಕವನ್ನು ಓದಿ ಹೇಳುವ ಕೆಲಸ ನನ್ನ ಸೊಸೆ ಕಮಲಳದ್ದು. ಶಾರದೆಯ ತಾಯಿ ಆಕೆಯೇ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ದನಿಯೂ ಚೆನ್ನಾಗಿದೆ. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿ ಶಾವಿಗೆ ಹೊಸೆಯುವುದು ವಾಡಿಕೆ. ಒಬ್ಬರು ಮಣೆಯ ಮೇಲೆ ಹೊಸೆಯಬೇಕು, ಒಬ್ಬರು ಎಳೆ ಹಿಡಿದು ಕೋಲಿಗೆ ಹಾಕಬೇಕು. ಕೈಗೆ ಕೆಲಸವಿದ್ದರೂ ಕಿವಿ ಬಿಡುವಾಗಿಯೇ ಇರುತ್ತದಲ್ಲ, ಆ ಕಿವಿಗೆ ಕಮಲ ಪುಸ್ತಕ ಹಾಕುತ್ತಿದ್ದಳು.

ಶಾರದೆ ಧಾರವಾಡಕ್ಕೆ ಹೋಗುವ ಮುಂಚೆ ನನಗೊಂದು ಮಾತು ಹೇಳಿ ಹೋಗಿದ್ದಳು. "ಆಯಿ, ಎರಡನೇ ಪುಸ್ತಕ ಅರ್ಧಾ ಬರದೇನಿ. ನಮ್ಮ ಓಣಿ ಮಂದಿ ಈ ಮೊದಲನೇದನ್ನ ಕೇಳಿ ಏನಂತಾರ, ಅದರ ಮ್ಯಾಲೆ ಮುಂದಿಂದು. ಶಾವಿಗಿ ಮುಗಿಯೂದ್ರಾಗ ಬಂದು ಎದರಾಎದರು ಕೇಳತೇನಿ."

"ಅವರಿಗೆ ಹಿಡಸಲಿಲ್ಲಂದ್ರ?"

"ಹರದು ಒಲಿಗೆ ಹಾಕತೇನಿ."

ಈ ಹುಡುಗಿ ಅಜ್ಜನ ಮೇಲೆ ಹೋಗಿದ್ದಾಳೆ, ಅಂದದ್ದನ್ನು ಮಾಡಿಯೇ ಬಿಡುವವಳು. ಹಾಗಾಗಬಾರದೆಂದು ನಾನೂ ಗಟ್ಟಿ ಮನಸ್ಸು ಮಾಡಿದೆ.

ಕಥೆ ಹೇಳುತ್ತೇನೆ ಕೇಳಿ. ಒಂದು ದೊಡ್ಡ ಮನೆಗೆ ಹೊಸ ಸೊಸೆ ಬಂದಿದ್ದಾಳೆ. ಆಕೆ ಇಟ್ಟ ಕೀಲಿಕೈ ಇಟ್ಟಲ್ಲಿ ಇರುವುದಿಲ್ಲ. ಆರಿಸಿದ ಒಲೆ ಉರಿಯುತ್ತಿರುತ್ತದೆ. ಯಾರೋ ಹಿಂದಿನಿಂದ ಎಲ್ಲ ಅದಲುಬದಲು ಮಾಡಿ, ಆಮೇಲೆ ಮುಂದೆ ಬಂದು, ಆಕೆಯ ಹೆರಳು ಬಾಚುತ್ತ, "ನೀನೇ ಇಟ್ಟಿದ್ದೆ, ಮರೆತಿದ್ದೀ, ಪಾಪ" ಎನ್ನುತ್ತಾರೆ. ಹುಡುಗಿಗೆ ಕೊನೆಗೆ ತನ್ನ ನೆನಪಿನ ಮೇಲೆಯೇ ನಂಬಿಕೆ ಹೋಗುತ್ತದೆ. ಇದನ್ನೆಲ್ಲ ಮಾಡುತ್ತಿದ್ದವನು ಮನೆಯ ಗುಮಾಸ್ತ ಎಂದು ಕಮಲ ಓದಿ ಮುಗಿಸಿದಳು. ಎದುರು ಮನೆಯ ಬಸವ್ವ, ಇಬ್ಬರು ಸೊಸೆಯಂದಿರ ಅತ್ತೆ, ಅಲ್ಲಿಯೇ ತೀರ್ಪು ಕೊಟ್ಟಳು: "ಆ ಗುಮಾಸ್ತನ ಕಾಲ ಮುರೀಬೇಕು!"

ನಾನು ಹೆಮ್ಮೆಯಿಂದ ರಾಮದುರ್ಗದ ತಂಗಿಯ ಮನೆಗೆ ಹೋದೆ. ಅಲ್ಲಿಗೂ ಒಂದು ಪ್ರತಿ ಕಳಿಸಿದ್ದೆ, ಆಕೆಯ ಸೊಸೆ ಓದಿ ಹೇಳಿದ್ದಳು. ತಂಗಿ ಅಂದಳು, "ಆ ಅಡಗಿಯಾಕಿ ಎಂಥಾ ಘಾತುಕಿ ಅದಾಳಬೇ ಅಕ್ಕಾ!" ಯಾವ ಅಡುಗೆಯವಳು? ಗುಮಾಸ್ತ ಅಲ್ಲವೇ? ನನ್ನ ಮೊಮ್ಮಗಳು ಬರೆದದ್ದು ನನಗೆ ಗೊತ್ತಿಲ್ಲವೇ? ಜಗಳ ಊಟದವರೆಗೂ ನಡೆಯಿತು. ತಂಗಿಯ ನೆನಪು ಹೋಗಿದೆ ಎಂದು ನನಗೆ ಮರುಕ, ನನ್ನದು ಹೋಗಿದೆ ಎಂದು ಆಕೆಗೆ ಮರುಕ. ಹೊರಡುವಾಗ ನನ್ನ ಚೀಲದಲ್ಲಿ ಒಂದೆಲಗದ ಎಣ್ಣೆಯ ಬಾಟಲಿ ಇಟ್ಟು, "ದಿನಾ ತಲಿಗೆ ಹಚ್ಚಿಕೋ" ಎಂದು ಕಣ್ಣೊರೆಸಿಕೊಂಡಳು. ನಾನು ಅದನ್ನು ಹಚ್ಚಿಕೊಂಡೆ ಕೂಡ. ಮನುಷ್ಯನ ಧೈರ್ಯ ಅಷ್ಟೇ ನೋಡಿ.

ಅಷ್ಟರಲ್ಲಿ ಬಸವ್ವ ಕಿತ್ತೂರಿನ ತವರಿಗೆ ಹೋಗಿ ಬಂದಳು. ಅಲ್ಲಿಯ ಸೊಸೆ ಓದಿದ ಪ್ರತಿಯಲ್ಲಿ ಕೇಡು ಮಾಡಿದವನು ಔಷಧ ಕೊಡುವ ವೈದ್ಯನಂತೆ.

ಗಂಟು ಬಿಚ್ಚಿದವಳು ನಮ್ಮ ಓಣಿಯ ಹುಸೇನಬಿ. ಆಕೆಯ ಗಂಡ ಲಾರಿ ಡ್ರೈವರ್. ಗಂಡನ ಸುಳ್ಳನ್ನು ಹಾರ್ನ್ ಕೇಳಿಯೇ ಹಿಡಿಯುವ ಹೆಂಗಸು. ಎಳೆ ಕೋಲಿಗೆ ಹಾಕುತ್ತ ಕೇಳಿದಳು, "ಕಮಲವ್ವಾ, ಆ ಗುಮಾಸ್ತ ಸೊಸೀ ಹೆರಳು ಬಾಚಿದಾ ಅಂತ ಓದಿದೆಲ್ಲ, ಯಾವ ಊರಾಗ ಗುಮಾಸ್ತ್ರು ಹೆರಳು ಬಾಚತಾರ ನಮ್ಮವ್ವ?"

ಕಮಲ ಬೆವರಿದಳು. "ಹಂಗಲ್ರಿ, ಅಂವಾ ವಯಸ್ಸಾದಾಂವ... ಮನೀ ಮಗನಿದ್ದಂಗ ಇದ್ನಂತ..."

ಅಂದೇ ಪುಸ್ತಕ ತೆಗೆದುಕೊಂಡು ಕೂತೆ. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು ನಾಲ್ಕು ದಿನ ಓದಿದೆ. ಅನ್ನ ಸೀದಿತು, ಹಾಲು ಉಕ್ಕಿತು, ಮನೆಯವರು ಚಹಾ ಕೇಳಿ ಕೇಳಿ ತಾವೇ ಮಾಡಿಕೊಂಡರು. ಇಡೀ ಪುಸ್ತಕದಲ್ಲಿ ಗುಮಾಸ್ತ ಸಿಗಲಿಲ್ಲ. ರಟ್ಟಿನ ಹಿಂದೆಯೂ ನೋಡಿದೆ. ಸಿಕ್ಕವಳು ಅತ್ತೆ.

ಸೊಸೆಯನ್ನು ಕರೆದೆ. ಕಮಲ ಸೆರಗು ಬಾಯಿಗೆ ಹಿಡಿದಳು. "ಅತ್ತೀ, ನಿಮ್ಮ ಮುಂದ, ಬಸವ್ವಕ್ಕನ ಮುಂದ ಕುಂತು, ಅತ್ತೀನ ಕೆಟ್ಟಾಕಿ ಅಂತ ಹೆಂಗ ಓದ್ಲಿರಿ? ನನ್ನ ಮಗಳ ನಿಮ್ಮನ್ನ ಬರದಾಳಂತ ಮಂದಿ ಅಂತಿದ್ರು."

ರಾಮದುರ್ಗ, ಕಿತ್ತೂರುಗಳ ಲೆಕ್ಕ ಆಗ ಹತ್ತಿತು. ಎಲ್ಲ ಕಡೆ ಓದಿದವರು ಸೊಸೆಯಂದಿರು, ಎದುರು ಕೂತು ಕೇಳಿದವರು ಅತ್ತೆಯರು. ಮರ್ಯಾದೆಗೆ ಅಂಜಿ ಒಬ್ಬೊಬ್ಬಳೂ ತನಗೆ ತೋಚಿದವರ ತಲೆಗೆ ಕಟ್ಟಿದ್ದಳು. ನಾನೂ ತಂಗಿಯೂ ಸುಮ್ಮನೆ ಜಗಳವಾಡಿದೆವು, ನಾನು ಸುಮ್ಮನೆ ಎಣ್ಣೆ ಹಚ್ಚಿಕೊಂಡೆ. ಇನ್ನು ಶಾರದೆ ಬಂದು, "ಆ ಅತ್ತೆ ಹೇಗನ್ನಿಸಿದಳು?" ಎಂದು ಕೇಳಿದರೆ ಓಣಿಯೆಲ್ಲ "ಯಾವ ಅತ್ತೆ?" ಎನ್ನುತ್ತದೆ. ಎರಡನೆಯ ಪುಸ್ತಕ ನೇರ ಒಲೆಗೆ.

"ನಾಳೆ ಮತ್ತ ಓದು, ಇದ್ದದ್ದು ಇದ್ದಂಗ," ಎಂದೆ. "ಕೊಂದ್ರೂ ನನ್ನ ನಾಲಗಿ ಹೊರಳೂದಿಲ್ರಿ," ಎಂದಳು. ಹಾಗಾದರೆ ನಾನೇ ಓದುತ್ತೇನೆ!

ಮರುದಿನ ಶಾವಿಗೆಯ ಮುಂದೆ ಕೂತು, ಇದುವರೆಗೆ ಕೇಳಿದ್ದನ್ನು ಬಿಟ್ಟುಬಿಡಿ ಎಂದು ಹೇಳಿ, ಕೊನೆಯ ಭಾಗ ಹಿಡಿದೆ. ನನ್ನ ಓದಿನಲ್ಲಿ ಒಂದು ಗುಣವಿದೆಯೆಂದು ಅಂದು ಗೊತ್ತಾಯಿತು: ಕೇಳುವವರ ಜೀವ ಹಿಂಡುತ್ತದೆ. "ಬಾ... ಗಿ... ಲ... ಹಿಂದೆ... ನಿಂ... ತಿ..."

"ಯಾರಬೇ? ಲಗೂ ಹೇಳ!" ಎಂದಳು ಬಸವ್ವ.

"ತಡಿ, ಒತ್ತಕ್ಷರ ಬಂತು. ...ದ್ದವಳು... ಅ... ತ್ತೆ."

ಬಸವ್ವನ ಕೈಯಲ್ಲಿ ಎಳೆ ಹರಿಯಿತು. "ಈಗ ಹೆರಳು ಕೂಡಿತು ನೋಡ್ರಿ," ಎಂದಳು ಹುಸೇನಬಿ.

ಬಸವ್ವ ಎದ್ದು ನಿಂತಳು. "ಗಂಗಕ್ಕಾ, ನಿನ್ನ ಮೊಮ್ಮಗಳ ಇದನ್ನ ನನ್ನ ಮ್ಯಾಲೆ ಬರದಾಳ! ಸೊಸೀ ಕೀಲಿ ನಾ ಮುಚ್ಚಿಟ್ಟದ್ದು ಒಂದ ಸಲ. ಅದೂ ಚಾಷ್ಟಿಗೆ, ನಗಾಕಂತ!"

ಯಾರೂ ಆಕೆಯ ಹೆಸರೆತ್ತಿರಲಿಲ್ಲ. ಆಕೆಯ ಹಿರಿಯ ಸೊಸೆ ಮಣೆ ಬಿಟ್ಟು ಮೆಲ್ಲಗೆ ಕೇಳಿದಳು, "ಅತ್ತೀ, ಹಂಗಾರ ಆವತ್ತ ನಾ ಮರತಿರಲಿಲ್ಲೇನ್ರಿ?"

ಬಸವ್ವನ ಮುಖ ನೋಡಲಾಗಲಿಲ್ಲ. ನಾನು ಬೇಗ ಕೊನೆಯ ಪುಟ ಓದಿದೆ: ಅತ್ತೆ ಅತ್ತಳು, ಸೊಸೆಯ ಕೈಗೆ ಕೀಲಿ ಕೊಟ್ಟು ತಪ್ಪಾಯಿತೆಂದಳು. ಬಸವ್ವ ಮೂಗೊರೆಸಿಕೊಂಡು, ಸೊಸೆಯ ತಲೆಯ ಮೇಲೆ ಕೈಯಿಟ್ಟು, "ಮರತಿರಲಿಲ್ಲ ಬಿಡವಾ," ಎಂದಳು. ಹಿಟ್ಟಿನ ಕೈ, ಹುಡುಗಿಯ ತಲೆಯೆಲ್ಲ ಬೆಳ್ಳಗಾಯಿತು.

ಶಾರದೆ ಬಂದಳು. ಬಸವ್ವನೇ ಮುಂದಾಗಿ ಹೇಳಿದಳು, "ನನ್ನ ಹೊಟ್ಟ್ಯಾಗ ಕೈ ಹಾಕಿ ಬರದೀ ಹುಡಿಗೀ. ಅದರಾಗ ಕಡೀಕ ಅತ್ತಿ ಅತ್ತಳಲ್ಲ, ಅದು ಭಾಳ ಛಲೋ."

ಶಾರದೆ ನನ್ನತ್ತ ತಿರುಗಿದಳು. "ಆಕಿ ಅಳೂದಿಲ್ಲಲ್ಲ ಆಯಿ? ಬಾಗಲಾ ಹಾಕ್ಕೊಂಡು ಒಳಗ ಹೋಗತಾಳ."

ನಾನು ಒಣಗಿದ ಶಾವಿಗೆಯನ್ನು ಮತ್ತೆ ಬಿಸಿಲಿಗೆ ಸರಿಸತೊಡಗಿದೆ. ಹುಸೇನಬಿ ಬಿಡುವವಳೇ? "ನನಗ ಆವತ್ತ ತಿಳೀತು. ಉಳದದ್ದೆಲ್ಲಾ ಕುಂಟಕೋತ ಓದಿದಾಕಿ, ಆ ಎರಡ ಸಾಲು ನಮ್ಮವರ ಲಾರಿ ಓಡಿಸಿದಂಗ ಓಡಿಸಿದಳು!"

ಪಡಸಾಲೆಯೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ಕಮಲ. ಶಾರದೆ ಮಾತ್ರ ಬಸವ್ವನನ್ನೂ ಆಕೆಯ ಸೊಸೆಯನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಅಂದಳು, "ಎರಡನೇದು ಮುಗಸ್ತೇನಿ ಆಯಿ. ಆದ್ರ ಕಡೇ ಪುಟ ನೀ ಓದೂದಿಲ್ಲ, ನಾನ ಬಂದು ಓದತೇನಿ."

ಓದಲಿ. ಆದರೆ ಆಕೆ ಧಾರವಾಡದಿಂದ ಬರುವವರೆಗೆ ಓಣಿ ಕಾಯುವುದುಂಟೇ? ಅದಕ್ಕೇ ನಾನು ದಿನಾ ಮಧ್ಯಾಹ್ನ ಗಟ್ಟಿಯಾಗಿ ಓದುವ ಅಭ್ಯಾಸ ಮಾಡುತ್ತಿದ್ದೇನೆ. ಅತ್ತೆ ಈ ವಯಸ್ಸಿನಲ್ಲಿ ಸರಾಗವಾಗಿ ಓದಲು ಕಲಿಯುತ್ತಿದ್ದಾಳೆಂದು ಕಮಲ ಕಂಡವರಿಗೆಲ್ಲ ಹೇಳಿಕೊಂಡು ಬರುತ್ತಾಳೆ. ನಾನು ಕಲಿಯುತ್ತಿರುವುದು, ಪುಸ್ತಕದಲ್ಲಿ ಇಲ್ಲದ್ದನ್ನು ಹೇಳುವಾಗಲೂ ಒತ್ತಕ್ಷರ ಬಂದ ಹಾಗೆ ತಡವರಿಸುವುದನ್ನು.