ರೆಜೀಸನ ಹನ್ನೆರಡು ಪಾಯಿಂಟು

ಶುಕ್ರವಾರ ಬಂತೆಂದರೆ ರೆಜೀಸನಿಗೆ ಮೈಯೆಲ್ಲ ಉರಿ. ಅಂದು ಹೆಂಡತಿ ಸೊಲಾಂಜ್ ತುಟಿಗೆ ಬಣ್ಣ ಹಚ್ಚಿ, ಬಸ್ಸು ಹತ್ತಿ, ನೆವೇರ್ ಪೇಟೆಗೆ ಊಟಕ್ಕೆ ಹೊರಡುತ್ತಿದ್ದಳು. ಇವನು ಮುನಿಸಿಕೊಂಡು ಕಾರಲ್ಲಿ ಬಿಡಲೂ ಒಪ್ಪದೆ, ನಿನ್ನೆಯ ಈರುಳ್ಳಿ ಸೂಪನ್ನು ತಣ್ಣಗೇ ಕುಡಿದು, ರೇಡಿಯೋದಲ್ಲಿ ಹವಾಮಾನ ಓದುವವಳ ಜೊತೆ ಜಗಳಕ್ಕೆ ಕೂರುತ್ತಿದ್ದ. (ಅವಳೂ ಉತ್ತರ ಕೊಡುತ್ತಿರಲಿಲ್ಲ.)

ಈ ದುರವಸ್ಥೆಯ ಮೂಲಪುರುಷ ಅವನೇ. ಫ್ರಾನ್ಸಿನಲ್ಲಿ ಕಾರು ಓಡಿಸುವ ಲೈಸೆನ್ಸಿಗೆ ಹನ್ನೆರಡು ಪಾಯಿಂಟು. ತಪ್ಪು ಮಾಡಿದಂತೆಲ್ಲ ಕಳೆಯುತ್ತಾರೆ, ಸೊನ್ನೆಯಾದರೆ ಲೈಸೆನ್ಸೇ ಹೋಯಿತು. ಮೂರು ವರ್ಷ ಸಾಚಾ ಆಗಿದ್ದರೆ ಎಲ್ಲವೂ ಮತ್ತೆ ತುಂಬಿಕೊಳ್ಳುತ್ತವೆ. ರೆಜೀಸನ ಮನೆಯ ಕಾರು ಸೊಲಾಂಜಳ ಹೆಸರಲ್ಲಿತ್ತು. ರಸ್ತೆಬದಿಯ ಕ್ಯಾಮೆರಾ ಹಿಂದಿನಿಂದ ನಂಬರು ಮಾತ್ರ ನೋಡುತ್ತದೆ, ಮೀಸೆ ನೋಡುವುದಿಲ್ಲ. ಹಾಗಾಗಿ ಓಡಿಸುವವನು ರೆಜೀಸ, ಕಳೆದುಕೊಳ್ಳುವವಳು ಸೊಲಾಂಜ್. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದಂತೆ ಮೂವತ್ತು ವರ್ಷ ಸಂಸಾರ ನಡೆಯಿತು. ಅವಳ ಮೂರು ವರ್ಷ ಇನ್ನೇನು ತುಂಬಿತು ಅನ್ನುವಾಗ ಇವನು ಎಲ್ಲೋ ಒಂದು ಕಡೆ ಆಕ್ಸಿಲರೇಟರ್ ಒತ್ತುತ್ತಿದ್ದ. ಪಕ್ಕದಿಂದ ಅವಳು "ನಿಧಾನ ಕಣ್ರೀ" ಅನ್ನುತ್ತಲೇ ಇದ್ದಳು. ಅದನ್ನು ಅವನು ಇಂಜಿನ್ ಸದ್ದಿನ ಲೆಕ್ಕಕ್ಕೆ ಸೇರಿಸಿದ್ದ.

ಕೊನೆಗೊಮ್ಮೆ ಕೆಂಪು ದೀಪ ದಾಟಿದ. ಒಂದೇ ಏಟಿಗೆ ನಾಲ್ಕು ಪಾಯಿಂಟು ಹೋಗಿ ಅವಳ ಬಳಿ ಉಳಿದದ್ದು ಒಂದು. ಎರಡು ದಿನ ತರಗತಿಯಲ್ಲಿ ಕೂತು ಬಂದರೆ ಸರ್ಕಾರ ನಾಲ್ಕು ವಾಪಸು ಕೊಡುತ್ತದೆ. ಸೊಲಾಂಜ್ ಮುಖ ಊದಿಸಿಕೊಂಡು ಹೋದವಳು ನಗುತ್ತಾ ಬಂದಳು. ಅಪರಾಧಿಗಳೆಲ್ಲ ವೃತ್ತಾಕಾರವಾಗಿ ಕೂತು ಕಷ್ಟಸುಖ ಹೇಳಿಕೊಳ್ಳುತ್ತಾರಂತೆ. "ನಾನು ಮಾತಾಡುವಾಗ ಯಾರೂ ಮಧ್ಯೆ ಬಾಯಿ ಹಾಕಲಿಲ್ಲ ಕಣ್ರೀ" ಎಂದು ಪವಾಡ ಕಂಡವಳಂತೆ ಹೇಳಿದಳು. ಆ ಗೆಳೆಯರ ಜೊತೆಗೇ ಈ ಶುಕ್ರವಾರದ ಸಾಸಿವೆ ಹಾಕಿದ ಮೊಲದ ಊಟ.

ಒಂದು ಚಳಿಗಾಲ ರೆಜೀಸ ತಡೆದುಕೊಂಡ. ಮನೆ ಅವನನ್ನು ನುಂಗುವಂತೆ ದೊಡ್ಡದಾಗಿತ್ತು. ಆಗ ದಿವ್ಯಜ್ಞಾನ ಉದಯಿಸಿತು: ತಾನೂ ಅಪರಾಧಿಯಾದರೆ ತನಗೂ ಗೆಳೆಯರು ಸಿಗುತ್ತಾರಲ್ಲ. ತಲೆ ಬಾಚಿಕೊಂಡು ಹೋಗಿ ತಿರುವಿನ ಕ್ಯಾಮೆರಾದ ಮುಂದೆ ಕಾರು ಹಾರಿಸಿದ. ದಂಡದ ಚೀಟಿ ಬಂದಾಗ, ಓಡಿಸಿದ್ದು ನಾನೇ ಎಂದು ಜೀವನದಲ್ಲಿ ಮೊದಲ ಸಲ ಬರೆದು ಕಳಿಸಿದ. ಜ್ವರ ಗಿರ ಬಂದಿದೆಯೇ ಎಂದು ಸೊಲಾಂಜ್ ಹಣೆ ಮುಟ್ಟಿ ನೋಡಿದಳು. ಆ ಕೈ ಇನ್ನೊಂದು ಗಳಿಗೆ ಅಲ್ಲೇ ಇರಬಾರದೇ ಅನ್ನಿಸಿತು ಅವನಿಗೆ.

ತರಗತಿಯ ಮೊದಲ ಬೆಳಗ್ಗೆ ಪಾಠ ಹೇಳುವ ಮೇಡಂ ಗಿಯೋ ಒಂದು ಕಥೆ ಹೇಳಿದರು. ಹೆಂಡತಿಯ ಪಾಯಿಂಟನ್ನೆಲ್ಲ ತಿಂದು ತೇಗಿದ ಒಬ್ಬ ಗಂಡನ ಕಥೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ರೆಜೀಸ. "ಎಂಥಾ ಕತ್ತೆ ಅವನು" ಎಂದೂ ಸೇರಿಸಿದ.

ಪರಿಚಯದ ಸರದಿ ಬಂತು. ಒಬ್ಬನಿಗೆ ಎರಡು ಉಳಿದಿತ್ತು, ಒಬ್ಬಳಿಗೆ ಮೂರು. ರೆಜೀಸ ಹನ್ನೊಂದು ಎಂದ. ಹನ್ನೊಂದು ಇಟ್ಟುಕೊಂಡು ಇಲ್ಲಿಗೇಕೆ ಬಂದಿರಿ ಎಂದು ಮೇಡಂ ಕೇಳಿದರು. ಏನೋ ಜಾಣತನದ ಉತ್ತರ ಹುಡುಕಿದ. ಬಾಯಿಗೆ ಬಂದದ್ದು ಬೇರೆ.

"ಮನೇಲಿ ಯಾರೂ ಇರಲ್ಲ."

ಯಾರೂ ನಗಲಿಲ್ಲ. ಅದಕ್ಕೆ ಹೆದರಿ ಅವನು ಜಂಬ ಕೊಚ್ಚತೊಡಗಿದ. ಮೂವತ್ತು ವರ್ಷ ತನ್ನ ಹನ್ನೆರಡರಲ್ಲಿ ಒಂದೂ ಕದಲಿರಲಿಲ್ಲವಂತೆ. ಕಾರು ಯಾರ ಹೆಸರಲ್ಲಿದೆ ಎಂದು ಪಕ್ಕದ ಲಾರಿ ಚಾಲಕ ಸುಮ್ಮನೆ ಕೇಳಿದ.

"ಹೆಂಡತಿ ಹೆಸರಲ್ಲಿ."

ಮೇಡಂ ಗಿಯೋ ಪೆನ್ನು ಕೆಳಗಿಟ್ಟರು. "ನೀವು ಸೊಲಾಂಜ್ ಅವರ ಯಜಮಾನ್ರಾ?"

ಕತ್ತೆ ತಲೆ ತಗ್ಗಿಸಿತು.

ಆದರೂ ಎರಡನೆಯ ಸಂಜೆ ಎಲ್ಲರೂ ಇನ್ನು ಮುಂದೆ ಮಂಗಳವಾರ ಊಟಕ್ಕೆ ಸೇರೋಣ ಎಂದಾಗ ರೆಜೀಸನ ಎದೆ ಅರಳಿತು. ಲಾರಿ ಚಾಲಕ ಅವನ ಹೆಗಲ ಮೇಲೆ ಕೈಹಾಕಿ ಪ್ರೀತಿಯಿಂದಲೇ ಹೇಳಿದ: "ನಿಮ್ಮ ಮನೆಯವ್ರನ್ನ ಕಳಿಸ್ಕೊಡಿ. ಆ ಕಥೆ ಅವರ ಬಾಯಲ್ಲೇ ಕೇಳ್ಬೇಕು. ನೀವಿದ್ರೆ ಅವರು ಬಿಚ್ಚಿ ಹೇಳಲ್ಲ."

ಈಗ ಶುಕ್ರವಾರದ ಜೊತೆಗೆ ಮಂಗಳವಾರವೂ ಹೋಯಿತು. ಆದರೆ ಸೊಲಾಂಜಳನ್ನು ಬಸ್ಸಿಗೆ ಬಿಡುವುದಿಲ್ಲ, ಎರಡೂ ದಿನ ರೆಜೀಸನೇ ಕಾರಲ್ಲಿ ಕರೆದೊಯ್ಯುತ್ತಾನೆ. ಎಂಬತ್ತರ ರಸ್ತೆಯಲ್ಲಿ ನಲವತ್ತಕ್ಕೆ ಹೋಗುತ್ತಾನೆ. ಹಿಂದೆ ಟ್ರ್ಯಾಕ್ಟರುಗಳೂ ಹಾರನ್ ಹೊಡೆಯುತ್ತವೆ. ಹೊಡೆಯಲಿ. ಪೇಟೆ ಬಂದರೆ ಅವಳು ಇಳಿದು ಹೋಗುತ್ತಾಳಲ್ಲ.

ಮೊನ್ನೆ ಅವಳು ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟಳು. "ಸ್ವಲ್ಪ ಬೇಗ ಓಡಿಸ್ರೀ. ಪಾಯಿಂಟ್ ಹೋದ್ರೆ ಈ ಸಲ ನಿಮ್ದು ತಾನೇ ಹೋಗೋದು."

ರೆಜೀಸ ಇನ್ನೊಂದು ಗೇರು ಇಳಿಸಿದ.