ಮಾಸ್ತರರು ಡಬ್ಬಿ ಮರಳಿಸಿದ್ದು

ಎಳ್ಳಮಾವಾಸ್ಯೆಗೆ ಅಕ್ಕಪಕ್ಕದವರು ಬಜ್ಜಿ ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿಗಳನ್ನು ಮರುದಿನ ಮರಳಿಸುವ ಕೆಲಸ ಮಹೇಶಕುಮಾರರ ಪಾಲಿಗೆ ಬಂತು. ಅವರು ಖಜೂರಿ ಊರಿನ ಕಾಲೇಜಿನಲ್ಲಿ ಗಣಿತ ಕಲಿಸುವವರು.

“ಗುಂಡಂದು ಖಾಸೀಂಬಿ ಅಕ್ಕಂದು, ಉದ್ದಂದು ಜಗದೇವಪ್ಪ ಕಾಕಾಂದು,” ಎಂದಳು ಹೆಂಡತಿ ಸುನಿತಾ. “ಖಾಲಿ ಕೊಡಬಾರದಂತ ಸಕ್ಕರಿ ಹಾಕೇನಿ. ಅದಲುಬದಲು ಮಾಡಿದ್ರ ನೋಡ್ರಿ, ಇವತ್ತ ಸಂಜಿ ಸರಸಂಬಾ ಊರಿಗೆ, ಅಪ್ಪನ ಮನಿಗೆ ಹೋಗಿಬಿಡ್ತೇನಿ!”

“ಇದೇನ್ ದೊಡ್ಡ ಕೆಲ್ಸ? ಇನ್ವರ್ಸ್ ಫಂಕ್ಷನ್ ಅಷ್ಟ. ಮುಂಜಾನಿ ಮೊದ್ಲ ಅಂಗಿ ಹಾಕ್ಕೊಂಡೆ, ಆಮ್ಯಾಲ ಸ್ವೆಟರ್. ಬಿಚ್ಚೋವಾಗ ಮೊದ್ಲ ಸ್ವೆಟರ್, ಆಮ್ಯಾಲ ಅಂಗಿ. ಆಖ್ರಿ ಮಾಡಿದ್ದನ್ನ ಮೊದ್ಲ ತೆಗದ್ರ, ಹೊಂಟಲ್ಲಿಗೇ ಬಂದು ಮುಟ್ಟತೀವಿ.”

“ಅಂಗಿ ಆಮ್ಯಾಲ ಬಿಚ್ರಿ. ಮೊದ್ಲ ಡಬ್ಬಿ ಮುಟ್ಟಸ್ರಿ.”

ಅಡುಗೆಮನೆಯ ಕಟ್ಟೆಯ ಮೇಲೆ ಮೂರು ಡಬ್ಬಿಗಳಿದ್ದವು. ಗುಂಡನೆಯದರ ಮೇಲೆ ‘ಜಗದೇವಪ್ಪ’ ಎಂದು ಕೆತ್ತಿತ್ತು, ಉದ್ದನೆಯದರ ಮೇಲೆ ‘ಖಾಸೀಂಬಿ’. ಹೆಂಡತಿಯ ಲೆಕ್ಕವೇ ತಪ್ಪಿದೆ ಎಂದು ಮಾಸ್ತರರು ಹಿಗ್ಗಿದರು. ಉತ್ತರಪತ್ರಿಕೆಯ ಮೇಲೆ ಯಾರ ಹೆಸರಿದೆಯೋ ಅದು ಅವರದೇ ತಾನೆ? ಮೂರನೆಯದರ ಮೇಲೆ ‘ದೊಡ್ಡಪ್ಪ, ಸರಸಂಬಾ’ ಎಂದಿತ್ತು. ಮಾವನವರ ಹೆಸರು, ಮಾವನವರ ಡಬ್ಬಿ! ಅದರಲ್ಲಿ ಸಕ್ಕರೆಯೂ ಇರಲಿಲ್ಲ. ಪಾಪ, ಮರೆತಿದ್ದಾಳೆ.

ಮಾವನವರ ಡಬ್ಬಿಯನ್ನು ಸರಸಂಬಾ ಕಡೆಯ ಬಸ್ಸಿನ ಕಂಡಕ್ಟರನ ಕೈಗಿತ್ತು, ಉಳಿದೆರಡನ್ನು ಹೆಸರು ನೋಡಿ ಮನೆಗಳ ಕಟ್ಟೆಯ ಮೇಲಿಟ್ಟು ಅವರು ಕಾಲೇಜಿಗೆ ಹೋದರು.

ಮಧ್ಯಾಹ್ನ ಬರುವಷ್ಟರಲ್ಲಿ ಓಣಿ ಕಾದ ಹಂಚಿನಂತೆ ಚಟಪಟ ಅನ್ನುತ್ತಿತ್ತು.

“ನಿನ್ನ ಮಗಳ ಶಾದಿಗಂತ ಹೆಸರು ಹಾಕಿಸಿ ಕೊಟ್ಟ ಡಬ್ಬಿ ಇದು!” ಜಗದೇವಪ್ಪ ಗುಂಡು ಡಬ್ಬಿ ಕುಲುಕುತ್ತಿದ್ದ. “ವಾಪಸ್ ಒಗೀತಿಯೇನ್ ಬೇ? ಮ್ಯಾಲ ಸಕ್ಕರಿ ಬ್ಯಾರೆ!”

“ಯಾ ಅಲ್ಲಾ! ನಿನ್ನ ಹೊಸ ಮನಿಗೆ ನಾ ಕೊಟ್ಟಿದ್ದನ್ನ ಮೊದ್ಲ ವಾಪಸ್ ಕಳಿಸಿದಾಂವ ನೀನ!” ಖಾಸೀಂಬಿ ಉದ್ದ ಡಬ್ಬಿಯನ್ನು ಗದೆಯಂತೆ ಎತ್ತಿದಳು.

ಪಾತ್ರೆಯ ಮೇಲಿರುವುದು ಇಟ್ಟುಕೊಂಡವರ ಹೆಸರಲ್ಲ, ಉಡುಗೊರೆ ಕೊಟ್ಟವರ ಹೆಸರು ಎಂಬುದು ಮಾಸ್ತರರಿಗೆ ಆಗ ಹೊಳೆಯಿತು. ಗದೆಗೂ ಕುಲುಕಾಟಕ್ಕೂ ನಡುವೆ ನುಗ್ಗಿ, ಕೈಮುಗಿದು, ಡಬ್ಬಿಗಳನ್ನು ಅದಲುಬದಲು ಮಾಡಿದರು.

“ತಪ್ಪು ನಂದರೀ! ಇವರದು ಇವರಿಗೆ, ಅವರದು ಅವರಿಗೆ. ಎಲ್ಲಾ ಮೊದ್ಲಿನಂಗ ಆತು!”

“ಕಾಲೇಜಿನ್ಯಾಗ ಇದನ್ನ ಕಲಸ್ತಾರೇನ್ ಮಾಸ್ತರ?” ಎಂದಳು ಖಾಸೀಂಬಿ. ಜಗದೇವಪ್ಪ ಹೊಟ್ಟೆ ಹಿಡಿದು ನಕ್ಕ. ಸುನಿತಾಗೆ ಹೇಳುವುದಿಲ್ಲವೆಂದು ಇಬ್ಬರೂ ಮಾತು ಕೊಟ್ಟರು.

ಗೆದ್ದ ಖುಷಿಯಲ್ಲಿ ಮಾಸ್ತರರು ಮನೆಯ ಮೂಲೆ ತಿರುಗಿದರು. ಬಾಗಿಲ ಮುಂದೆ ಟೆಂಪೋ ನಿಂತಿತ್ತು. ಪಕ್ಕದಲ್ಲಿ ಮಾವ ದೊಡ್ಡಪ್ಪ. ಕಂಕುಳಲ್ಲಿ ಡಬ್ಬಿ.

“ಅಳಿಯಂದ್ರ, ನಿಮ್ಮ ಮದುವ್ಯಾಗ ನಾ ಕೊಟ್ಟ ಡಬ್ಬಿ ಮುಟ್ಟಿತ್ರಿ. ಅದೂ ಖಾಲಿ.” ಮಾವನ ಮೀಸೆ ನಡುಗುತ್ತಿತ್ತು. “ಕೊಟ್ಟಿದ್ದೆಲ್ಲಾ ವಾಪಸ್ ಮಾಡಾಕತ್ತೀರಿ ಅಂತ ತಿಳೀತು. ಉಳಿದದ್ದನ್ನ ನಾನ ಒಯ್ಯಾಕ ಬಂದೇನಿ.”

ಒಳಗಿಂದ ಸುನಿತಾ ಸೂಟ್‌ಕೇಸ್ ಹಿಡಿದು ಬಂದಳು.

ಮದುವೆಯ ದಿನ ಮಾವ ಮೊದಲು ಮಗಳನ್ನು ಒಪ್ಪಿಸಿದ್ದರು, ಆಮೇಲೆ ಡಬ್ಬಿ ಕೊಟ್ಟಿದ್ದರು. ಈಗ ಮೊದಲು ಡಬ್ಬಿ ಹೋಗಿತ್ತು, ಆಮೇಲೆ ಮಗಳು ಹೊರಟಿದ್ದಳು. ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಮಾಸ್ತರರು ಹೊರಟಲ್ಲಿಗೇ ಬಂದು ಮುಟ್ಟಿದ್ದರು.